ವೇಗಮಿತಿ ಎಚ್ಚರಿಕೆ ಕೊಡುವ ಕಾರ್ ಜಿಪಿಎಸ್ ಆರಿಸುವಾಗ ಏನೇನು ನೋಡಬೇಕು?

ಹೆದ್ದಾರಿಗ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ಕಾರಿಗೆ ಪ್ರತ್ಯೇಕ ಜಿಪಿಎಸ್ ಯೂನಿಟ್ ಕೊಳ್ಳಬೇಕು ಅಂತಿದ್ದೇನೆ. ಕಾರಿನ ಜೊತೆ ಸ್ಕ್ರೀನ್ ಬಂದಿಲ್ಲ. ದಾರಿ ತೋರಿಸುವುದು ನನಗೆ ಅಷ್ಟು ಮುಖ್ಯವಲ್ಲ, ಓಡಾಡುವ ರಸ್ತೆಗಳು ಹೆಚ್ಚಾಗಿ ಗೊತ್ತಿರುವಂಥವೇ. ಬೇಕಾಗಿರುವುದು ಇಷ್ಟು: ಆ ರಸ್ತೆಯ ವೇಗಮಿತಿ ಎಷ್ಟು ಅಂತ ಕಣ್ಣಿಗೆ ಕಾಣಬೇಕು, ಮೀರಿದರೆ ಕಿವಿಗೆ ಕೇಳಬೇಕು.

ನೋಡುತ್ತ ಹೋದಷ್ಟೂ ಗೊಂದಲ ಜಾಸ್ತಿಯಾಗಿದೆ. ಒಂದರ ಡಬ್ಬದ ಮೇಲೆ ‘ಓವರ್‌ಸ್ಪೀಡ್ ಅಲಾರಂ’, ಇನ್ನೊಂದರ ಮೇಲೆ ‘ಸ್ಪೀಡ್ ಲಿಮಿಟ್ ಅಲರ್ಟ್’. ಎರಡೂ ಒಂದೆಯಾ? ಕಾರಿನ ಮುಳ್ಳು 80 ತೋರಿಸುವಾಗ ಫೋನಿನ ಜಿಪಿಎಸ್ 75–76 ತೋರಿಸುತ್ತದೆ. ಯೂನಿಟ್ ಯಾವುದನ್ನು ನಂಬಿ ಕೂಗುತ್ತದೆ? 5 ಇಂಚಿನದು ಸಾಕೋ, 7 ಇಂಚು ಬೇಕೋ? ಫೋನ್ ಇರುವಾಗ ಇದೆಲ್ಲ ಯಾಕೆ ಅನ್ನುವವರೂ ಇದ್ದಾರೆ, ಅದಕ್ಕೂ ಕಾರಣ ಸಮೇತ ಉತ್ತರ ಸಿಕ್ಕರೆ ಒಳ್ಳೆಯದು.

ನಕಾಶೆಪ್ರಿಯ:

ಮೊದಲ ಪ್ರಶ್ನೆಯೇ ಎಲ್ಲಕ್ಕಿಂತ ದೊಡ್ಡದು. ಎರಡೂ ಒಂದೇ ಅಲ್ಲ.

‘ಓವರ್‌ಸ್ಪೀಡ್ ಅಲಾರಂ’ ಅಂದರೆ ನೀವೇ ಒಂದು ಅಂಕಿ ಹಾಕಿಡುವುದು. 80 ಅಂತ ಹಾಕಿದರೆ 81ಕ್ಕೆ ಬೀಪ್. ಶಾಲೆಯ ಮುಂದೆ 60ರಲ್ಲಿ ಹೋದರೂ ಅದಕ್ಕೆ ಗೊತ್ತಾಗುವುದಿಲ್ಲ, ಯಾಕೆಂದರೆ ಅದರೊಳಗೆ ನಕ್ಷೆಯೇ ಇಲ್ಲ. ಡ್ಯಾಶ್‌ಬೋರ್ಡಿನ ಮೇಲಿಟ್ಟು ಗಾಜಿನಲ್ಲಿ ಅಂಕಿ ಮೂಡಿಸುವ ಸಣ್ಣ ಹೆಡ್‌ಅಪ್ ಡಿಸ್‌ಪ್ಲೇಗಳು ಬಹುತೇಕ ಈ ಜಾತಿಯವು. ‘ಸ್ಪೀಡ್ ಲಿಮಿಟ್ ಅಲರ್ಟ್’ ಅಂದರೆ ನೀವಿರುವ ರಸ್ತೆ ಯಾವುದು ಅಂತ ನಕ್ಷೆಯಲ್ಲಿ ಗುರುತಿಸಿ, ಆ ತುಣುಕಿಗೆ ಬರೆದಿಟ್ಟ ಮಿತಿಯ ಜೊತೆ ನಿಮ್ಮ ವೇಗವನ್ನು ತಾಳೆ ನೋಡುವುದು. ನಿಮಗೆ ಬೇಕಿರುವುದು ಎರಡನೆಯದು. ಡಬ್ಬದ ಮೇಲಿನ ಮಾತು ನಂಬಬೇಡಿ. ಬಳಕೆದಾರರ ಕೈಪಿಡಿ ಇಳಿಸಿಕೊಂಡು, ನಕ್ಷೆಯ ಪರದೆಯ ಚಿತ್ರದಲ್ಲಿ ವೇಗದ ಪಕ್ಕ ಮಿತಿಯ ಫಲಕ ಇದೆಯೇ ನೋಡಿ.

ಹಾಗಾಗಿ ನೀವು ಕೊಳ್ಳುತ್ತಿರುವುದು ನಿಜವಾಗಿ ನಕ್ಷೆಯನ್ನು. ಯಂತ್ರ ಅದರ ಹೊದಿಕೆ ಅಷ್ಟೇ. ಯೂನಿಟ್ ಮಾಡುವ ಕಂಪನಿಗಳಲ್ಲಿ ಟಾಮ್‌ಟಾಮ್ ತನ್ನದೇ ನಕ್ಷೆ ಬಳಸುತ್ತದೆ, ಗಾರ್ಮಿನ್ ಹೆಚ್ಚಾಗಿ ಹಿಯರ್ ಕಂಪನಿಯ ನಕ್ಷೆ ಬಳಸುತ್ತದೆ, ಉಚಿತ ಆ್ಯಪ್‌ಗಳಲ್ಲಿ ಹಲವು, ಬಳಕೆದಾರರೇ ಸೇರಿ ತಯಾರಿಸುವ ಓಪನ್‌ಸ್ಟ್ರೀಟ್‌ಮ್ಯಾಪ್ ನಕ್ಷೆಯ ಮೇಲೆ ನಿಂತಿವೆ. ದೊಡ್ಡ ಹೆದ್ದಾರಿಗಳಿಗೆ ಮಿತಿಯ ಮಾಹಿತಿ ಮೂರರಲ್ಲೂ ಸಾಮಾನ್ಯವಾಗಿ ಇರುತ್ತದೆ. ವ್ಯತ್ಯಾಸ ಕಾಣುವುದು ಒಳರಸ್ತೆಗಳಲ್ಲಿ, ಹೊಸ ಬೈಪಾಸ್‌ಗಳಲ್ಲಿ, ಊರೊಳಗೆ ಹೊಕ್ಕು ಹೊರಡುವ ಜಾಗಗಳಲ್ಲಿ.

ಕೊಳ್ಳುವ ಮುಂಚೆ ಹೀಗೆ ಪರೀಕ್ಷಿಸಿ. ಹಿಯರ್ ವಿಗೋ ಆ್ಯಪ್ ಫೋನಿಗೆ ಹಾಕಿಕೊಂಡು ನಿಮ್ಮ ಪ್ರದೇಶದ ಆಫ್‌ಲೈನ್ ನಕ್ಷೆ ಇಳಿಸಿಕೊಳ್ಳಿ, ದಿನನಿತ್ಯದ ರಸ್ತೆಗಳಲ್ಲಿ ಓಡಿಸಿ. ಪಕ್ಕದಲ್ಲಿ ಕೂತವರು ರಸ್ತೆ ಬದಿಯ ಫಲಕ ಮತ್ತು ಪರದೆಯ ಅಂಕಿ ಎಲ್ಲೆಲ್ಲಿ ಹೊಂದುವುದಿಲ್ಲ ಅಂತ ಬರೆದುಕೊಳ್ಳಲಿ. ಇನ್ನೊಂದು ಸಲ ಟಾಮ್‌ಟಾಮ್‌ನ ಆ್ಯಪ್ ಹಾಕಿ ಅದೇ ದಾರಿ. ಯಾವ ನಕ್ಷೆ ನಿಮ್ಮ ರಸ್ತೆಗಳನ್ನು ಚೆನ್ನಾಗಿ ಬಲ್ಲದೋ ಅದನ್ನು ಬಳಸುವ ಯೂನಿಟ್ ತೆಗೆದುಕೊಳ್ಳಿ. ಎಷ್ಟು ವಿಮರ್ಶೆ ಓದಿದರೂ ಈ ಪರೀಕ್ಷೆಗೆ ಸಮವಲ್ಲ, ವಿಮರ್ಶೆ ಬರೆದವರು ನಿಮ್ಮ ರಸ್ತೆಯಲ್ಲಿ ಓಡಿಸಿರುವುದಿಲ್ಲ.

ಓಡಿಸುವಾಗ ಇನ್ನೊಂದು ಗಮನಿಸಿ: ಮಾಹಿತಿ ಇಲ್ಲದ ರಸ್ತೆಯಲ್ಲಿ ಏನು ತೋರಿಸುತ್ತದೆ? ಕೆಲವು ಜಾಗ ಖಾಲಿ ಬಿಡುತ್ತವೆ. ಕೆಲವು ರಸ್ತೆಯ ದರ್ಜೆ ನೋಡಿ ಊಹಿಸಿ ಅಂಕಿ ಹಾಕುತ್ತವೆ. ಖಾಲಿ ಬಿಡುವುದೇ ಮೇಲು. ಊಹೆಯ ಅಂಕಿ ನೋಡಲು ನಿಜದಂತೆಯೇ ಇರುತ್ತದೆ, ಚಾಲಕರಿಗೆ ವ್ಯತ್ಯಾಸ ತಿಳಿಯುವುದಿಲ್ಲ.

ಎಚ್ಚರಿಕೆ ಯಾವಾಗ ಬರುತ್ತದೆ ಅನ್ನುವುದೂ ಮುಖ್ಯ. 80ರ ರಸ್ತೆ 50 ಆಗುತ್ತದೆ ಅನ್ನಿ. 80 ಕಿ.ಮೀ. ವೇಗದಲ್ಲಿ ಕಾರು ಸೆಕೆಂಡಿಗೆ 22 ಮೀಟರ್ ಸಾಗುತ್ತದೆ. ಕೂತವರಿಗೆ ಜರ್ಕ್ ಆಗದಂತೆ 50ಕ್ಕೆ ಇಳಿಸಲು 100 ಮೀಟರ್ ಬೇಕು, ಕಾಲು ಬ್ರೇಕಿಗೆ ಹೋಗುವಷ್ಟರಲ್ಲಿ ಇನ್ನೊಂದು 30 ಮೀಟರ್. ಫಲಕ ದಾಟಿದ ಮೇಲೆ ಬೀಪ್ ಮಾಡುವ ಯೂನಿಟ್ ಇಲ್ಲಿ ಪ್ರಯೋಜನಕ್ಕೆ ಬರುವುದಿಲ್ಲ. ‘ಮುಂದೆ ವೇಗಮಿತಿ ಬದಲಾಗುತ್ತದೆ’ ಅಂತ ಮೊದಲೇ ತಿಳಿಸುವ ಸೌಲಭ್ಯ ಇದೆಯೇ ಕೇಳಿ. ಗಾರ್ಮಿನ್ ಡ್ರೈವ್ ಸಾಲಿನಲ್ಲಿ ಇಂಥ ಎಚ್ಚರಿಕೆಗಳು ಡ್ರೈವರ್ ಅಸಿಸ್ಟೆನ್ಸ್ ಅನ್ನುವ ಸೆಟ್ಟಿಂಗ್ ಒಳಗಿರುತ್ತವೆ, ಒಂದೊಂದನ್ನೂ ಬೇರೆಬೇರೆಯಾಗಿ ಆನ್ ಮಾಡಬಹುದು.

ಗೇರ್‌ಬಾಕ್ಸ್:

ಮುಳ್ಳು 80, ಜಿಪಿಎಸ್ 76: ಎರಡೂ ಸರಿಯಾಗಿಯೇ ಕೆಲಸ ಮಾಡುತ್ತಿವೆ, ಗಾಬರಿ ಬೇಡ.

ಸ್ಪೀಡೋಮೀಟರ್ ಬೇಕೆಂದೇ ಸ್ವಲ್ಪ ಹೆಚ್ಚು ತೋರಿಸುತ್ತದೆ. ವಿಶ್ವಸಂಸ್ಥೆಯ ವಾಹನ ನಿಯಮಾವಳಿಯ 39ನೇ ನಿಯಮದ ಪ್ರಕಾರ ಅದು ನಿಜವಾದ ವೇಗಕ್ಕಿಂತ ಕಡಿಮೆ ತೋರಿಸುವಂತೆಯೇ ಇಲ್ಲ. ಹೆಚ್ಚು ತೋರಿಸುವುದಾದರೆ ನಿಜವೇಗದ ಶೇ. 10 ಮತ್ತು ಅದರ ಮೇಲೆ 4 ಕಿ.ಮೀ. ತನಕ ಅವಕಾಶ. ಅಂದರೆ ನಿಜವೇಗ 80 ಇದ್ದಾಗ ಮುಳ್ಳು 80ರಿಂದ 92ರವರೆಗೆ ಎಲ್ಲಿದ್ದರೂ ನಿಯಮದೊಳಗೇ. ಟೈರ್ ಸವೆದರೂ ವ್ಯತ್ಯಾಸ ಬರುತ್ತದೆ: ಹೊಸ ಟೈರಿನ 8 ಮಿ.ಮೀ. ಟ್ರೆಡ್ 2 ಮಿ.ಮೀ.ಗೆ ಇಳಿದರೆ 310 ಮಿ.ಮೀ. ತ್ರಿಜ್ಯದ ಚಕ್ರ ಸುಮಾರು ಶೇ. 2ರಷ್ಟು ಚಿಕ್ಕದಾಗುತ್ತದೆ, ಮುಳ್ಳು ಅಷ್ಟು ಹೆಚ್ಚು ತೋರಿಸುತ್ತದೆ. ಕಂಪನಿ ಹೇಳಿದ್ದಕ್ಕಿಂತ ದೊಡ್ಡ ಟೈರ್ ಹಾಕಿಸಿದ್ದರೆ ಮಾತ್ರ ಹುಷಾರಾಗಿರಿ, ಆಗ ಮುಳ್ಳು ಕಡಿಮೆ ತೋರಿಸುವ ಸಾಧ್ಯತೆ ಇದೆ.

ಯೂನಿಟ್ ಕೂಗುವುದು ಜಿಪಿಎಸ್ ವೇಗ ನೋಡಿ. ಉಪಗ್ರಹದ ಸಿಗ್ನಲ್‌ನ ಡಾಪ್ಲರ್ ಬದಲಾವಣೆಯಿಂದ (ಚಲನೆಯಿಂದಾಗಿ ಸಿಗ್ನಲ್‌ನ ಆವರ್ತನದಲ್ಲಿ ಆಗುವ ವ್ಯತ್ಯಾಸ) ಲೆಕ್ಕ ಹಾಕುವುದರಿಂದ, ಆಕಾಶ ತೆರೆದಿದ್ದು ಒಂದೇ ವೇಗದಲ್ಲಿ ಹೋಗುವಾಗ ಅದು ಮುಳ್ಳಿಗಿಂತ ನಂಬಲರ್ಹ. ಅದು ಎಡವುವುದು ಬೇರೆ ಕಡೆ. ಸಾಮಾನ್ಯ ಯೂನಿಟ್‌ಗಳು ಸೆಕೆಂಡಿಗೆ ಒಂದೇ ಸಲ ಅಂಕಿ ಬದಲಿಸುತ್ತವೆ. ಜೋರಾಗಿ ಆಕ್ಸಿಲರೇಟರ್ ಒತ್ತಿದಾಗ ಒಂದು ಸೆಕೆಂಡಿನಲ್ಲಿ ವೇಗ 7 ಕಿ.ಮೀ. ಏರಿರಬಹುದು, ಪರದೆ ಇನ್ನೂ ಹಳೆಯದನ್ನೇ ತೋರಿಸುತ್ತಿರುತ್ತದೆ. ಸುರಂಗದೊಳಗೆ ಸಿಗ್ನಲ್ಲೇ ಇಲ್ಲ. ಅಲ್ಲಿ ಕಾಣುವ ಅಂಕಿ ಒಳಗೆ ಹೊಕ್ಕಾಗಿನ ವೇಗವನ್ನೇ ಎಳೆದುಕೊಂಡು ಹೋಗುತ್ತಿರಬಹುದು, ಅಲ್ಲಿ ಮುಳ್ಳನ್ನೇ ನೋಡಿ.

ಎಚ್ಚರಿಕೆಯ ಸಡಿಲಿಕೆ ಎಷ್ಟಿಡಬೇಕು ಅನ್ನುವುದಕ್ಕೂ ಇದೇ ಆಧಾರ. ಜಿಪಿಎಸ್ ವೇಗ ನಿಜಕ್ಕೆ ಹತ್ತಿರ ಇರುವುದರಿಂದ ‘ಮಿತಿಗಿಂತ 10 ಹೆಚ್ಚಾದರೆ ಕೂಗು’ ಅಂತ ಇಟ್ಟರೆ ನೀವು ನಿಜವಾಗಿಯೂ 10 ಮೀರಿರುತ್ತೀರಿ, ಮುಳ್ಳಿನಲ್ಲಿ ಮಾತ್ರವಲ್ಲ. ಸೊನ್ನೆ ಇಡಿ, ತೀರಾ ಕಿರಿಕಿರಿಯಾದರೆ 2 ಅಥವಾ 3.

ಬೀಪ್ ಒಂದೇ ಸಲವೋ ಬಿಡದೆಯೋ ಅಂತಲೂ ನೋಡಿ. ಬಿಡದೆ ಬಡಿದುಕೊಳ್ಳುವುದನ್ನು ಜನ ಎರಡೇ ವಾರದಲ್ಲಿ ಆಫ್ ಮಾಡಿಬಿಡುತ್ತಾರೆ. ಮೀರಿದಾಗ ಒಮ್ಮೆ ಸದ್ದು, ಆಮೇಲೆ ಅಂಕಿ ಕೆಂಪಾಗಿ ನಿಲ್ಲುವುದು: ಹೆಚ್ಚು ಕಾಲ ಬಾಳುವ ಏರ್ಪಾಡು ಇದೇ.

ಜೇಬಿನ ಜಿಪಿಎಸ್:

ಪ್ರತ್ಯೇಕ ಯೂನಿಟ್ ತೆಗೆದುಕೊಳ್ಳುವ ಮುಂಚೆ ಫೋನಿಗೆ ಒಂದು ಅವಕಾಶ ಕೊಡಿ. ಓಪನ್‌ಸ್ಟ್ರೀಟ್‌ಮ್ಯಾಪ್ ಬಳಸುವ ಆಸ್ಮ್‌ಆಂಡ್ ಆ್ಯಪ್‌ನಲ್ಲಿ ವೇಗಮಿತಿ ಎಚ್ಚರಿಕೆ ಇದೆ, ಎಷ್ಟು ಮೀರಿದರೆ ಹೇಳಬೇಕು ಅಂತ ನೀವೇ ಹಾಕಬಹುದು, ಇಂಟರ್ನೆಟ್ ಇಲ್ಲದೆ ನಡೆಯುತ್ತದೆ. ವೇಜ್‌ನಲ್ಲೂ ಸ್ಪೀಡೋಮೀಟರ್ ಸೆಟ್ಟಿಂಗ್ ಒಳಗೆ ಇಂಥದ್ದೇ ಆಯ್ಕೆ ಇದೆ.

ಓಪನ್‌ಸ್ಟ್ರೀಟ್‌ಮ್ಯಾಪ್ ಆಧಾರಿತ ಆ್ಯಪ್‌ನ ದೊಡ್ಡ ಲಾಭ ಏನೆಂದರೆ ತಪ್ಪು ಕಂಡರೆ ನಾವೇ ತಿದ್ದಬಹುದು. ಆ ಜಾಲತಾಣದಲ್ಲಿ ನಿಮ್ಮ ರಸ್ತೆಯ ತನಕ ಜೂಮ್ ಮಾಡಿ, ಬಲಬದಿಯಲ್ಲಿ ಬಾಣ ಮತ್ತು ಪ್ರಶ್ನಾರ್ಥಕ ಚಿಹ್ನೆ ಇರುವ ಗುಂಡಿ ಒತ್ತಿ, ರಸ್ತೆಯ ಮೇಲೆ ಕ್ಲಿಕ್ ಮಾಡಿ. ಬರುವ ಪಟ್ಟಿಯಲ್ಲಿ ‘ಮ್ಯಾಕ್ಸ್‌ಸ್ಪೀಡ್’ ಅನ್ನುವ ಸಾಲು ಇದ್ದರೆ ಮಿತಿ ದಾಖಲಾಗಿದೆ. ಇಲ್ಲವಾದರೆ ಖಾತೆ ತೆರೆದು ಫಲಕದಲ್ಲಿ ಇರುವ ಅಂಕಿ ಸೇರಿಸಿ. ಆ್ಯಪ್‌ನ ಮುಂದಿನ ನಕ್ಷೆ ಅಪ್‌ಡೇಟ್‌ನಲ್ಲಿ ಬರುತ್ತದೆ. ಕಂಪನಿಗಳ ನಕ್ಷೆಗೂ ತಪ್ಪು ವರದಿ ಮಾಡುವ ದಾರಿ ಇದೆ, ಆದರೆ ತಿದ್ದುಪಡಿ ನಿಮ್ಮ ಯೂನಿಟ್‌ಗೆ ತಲುಪುವುದು ಅವರ ಅನುಕೂಲಕ್ಕೆ ತಕ್ಕಂತೆ. ಒಂದು ಮಾತು: ಬೇರೆ ನಕ್ಷೆ ನೋಡಿ ನಕಲು ಮಾಡಿ ತುಂಬಿಸಬಾರದು, ರಸ್ತೆಯ ಫಲಕ ನೋಡಿಯೇ ಹಾಕಬೇಕು.

ನಕಾಶೆಪ್ರಿಯ:

ಜೇಬಿನ ಜಿಪಿಎಸ್ ಅವರ ಮಾತು ನಕ್ಷೆಯ ಮಟ್ಟಿಗೆ ಪೂರ್ತಿ ಒಪ್ಪುತ್ತೇನೆ. ದಿನಾ ಗಂಟೆಗಟ್ಟಲೆ ಓಡಿಸುವವರಿಗೆ ಫೋನ್ ಸೋಲುವುದು ಬಿಸಿಲಿನಲ್ಲಿ. ಮುಂಗಾಜಿಗೆ ಅಂಟಿಸಿ, ಚಾರ್ಜಿಗೆ ಹಾಕಿ, ಪರದೆ ಪೂರ್ತಿ ಬೆಳಕಿನಲ್ಲಿಟ್ಟರೆ ಮೂರು ಕಡೆಯ ಶಾಖ ಒಟ್ಟಾಗುತ್ತದೆ. ಐಫೋನ್ ಬಳಸಲು ಆ್ಯಪಲ್ ಹೇಳುವ ವಾತಾವರಣದ ಉಷ್ಣತೆ 35 ಡಿಗ್ರಿ ತನಕ. ಲಿಥಿಯಂ ಬ್ಯಾಟರಿಗಳು ಸಾಮಾನ್ಯವಾಗಿ 45 ಡಿಗ್ರಿ ಮೀರಿದರೆ ಚಾರ್ಜ್ ತೆಗೆದುಕೊಳ್ಳುವುದಿಲ್ಲ. ಮೊದಲು ಪರದೆ ಮಂಕಾಗುತ್ತದೆ, ಆಮೇಲೆ ಚಾರ್ಜ್ ನಿಲ್ಲುತ್ತದೆ, ಕೊನೆಗೆ ಫೋನೇ ‘ತಣ್ಣಗಾಗಲಿ’ ಅನ್ನುತ್ತದೆ. ಎ.ಸಿ. ಗಾಳಿಕಿಂಡಿಗೆ ಸಿಕ್ಕಿಸುವ ಮೌಂಟ್ ಹಾಕಿದರೆ ಈ ತೊಂದರೆ ಬಹುಪಾಲು ತಪ್ಪುತ್ತದೆ. ಇನ್ನು ಕರೆ ಬಂದಾಗ ನಕ್ಷೆ ಮರೆಯಾಗುವುದು, ಸಂದೇಶದ ಸದ್ದಿನಲ್ಲಿ ಎಚ್ಚರಿಕೆಯ ಸದ್ದು ಕಳೆದುಹೋಗುವುದು ಇದ್ದೇ ಇದೆ. ಅದಕ್ಕೇ ನಾನು ಪ್ರತ್ಯೇಕ ಯೂನಿಟ್‌ನ ಪಕ್ಷ.

ಗಾತ್ರದ ಬಗ್ಗೆ: ವೇಗಮಿತಿಗೆ 5 ಇಂಚು ಸಾಕು. 7 ಇಂಚಿನದು ಸಣ್ಣ ಕಾರಿನ ಗಾಜಿನಲ್ಲಿ ರಸ್ತೆಯನ್ನೇ ಮುಚ್ಚುತ್ತದೆ. ಇಂಚಿಗಿಂತ, ಮಿತಿಯ ಅಂಕಿ ಪರದೆಯಲ್ಲಿ ಎಷ್ಟು ದೊಡ್ಡದಾಗಿ ಬರುತ್ತದೆ ನೋಡಿ. ಕೆಲವು 7 ಇಂಚಿನವುಗಳಲ್ಲೂ ಅದು ಮೂಲೆಯಲ್ಲಿ ಉಗುರಿನಷ್ಟೇ ಇರುತ್ತದೆ.

ಸೆಕೆಂಡ್ ಹ್ಯಾಂಡ್ ನೋಡುವುದಾದರೆ, ಬಯಲಿನಲ್ಲಿಟ್ಟು ಉಪಗ್ರಹ ಹಿಡಿದ ಮೇಲೆ ತಾರೀಖು ಸರಿ ಇದೆಯೇ ಪರಿಶೀಲಿಸಿ. ಜಿಪಿಎಸ್‌ನ ವಾರದ ಎಣಿಕೆ 1,024 ವಾರಕ್ಕೊಮ್ಮೆ ಸೊನ್ನೆಗೆ ಮರಳುತ್ತದೆ, ಹಿಂದಿನದು 2019ರ ಏಪ್ರಿಲ್ 6ರ ರಾತ್ರಿ ಆಯಿತು. ಫರ್ಮ್‌ವೇರ್ (ಯೂನಿಟ್ ಒಳಗಿನ ಮೂಲ ತಂತ್ರಾಂಶ) ಅಪ್‌ಡೇಟ್ ಕಾಣದ ಹಳೆಯ ಯೂನಿಟ್‌ಗಳು ಸುಮಾರು 20 ವರ್ಷ ಹಿಂದಿನ ದಿನಾಂಕ ತೋರಿಸುತ್ತವೆ. ಅಂಥದರಲ್ಲಿ ಶಾಲೆಯ ಸಮಯ, ರಾತ್ರಿಯ ಸಮಯ ಅಂತ ಹೊತ್ತಿಗೆ ತಕ್ಕಂತೆ ಬದಲಾಗುವ ಮಿತಿಗಳನ್ನು ನಂಬುವ ಹಾಗಿಲ್ಲ.

ಹೆದ್ದಾರಿಗ:

ತುಂಬಾ ಉಪಯೋಗವಾಯಿತು, ಇಬ್ಬರು ಮೂವರು ಇಷ್ಟು ವಿವರವಾಗಿ ಬರೆದಿದ್ದಕ್ಕೆ ಧನ್ಯವಾದ. ಫೋನಿನಲ್ಲಿ ಹಿಯರ್ ಹಾಕಿ ನೋಡಿದೆ. ಹೆದ್ದಾರಿಯಲ್ಲಿ ಅಂಕಿ ಚೆನ್ನಾಗಿಯೇ ಹೊಂದುತ್ತದೆ. ಆದರೆ ಮೇಲ್ಸೇತುವೆ ಮೇಲೆ ಹೋಗುವಾಗ ಕೆಳಗಿನ ಸರ್ವೀಸ್ ರಸ್ತೆಯ 40 ತೋರಿಸಿ ಕೂಗುತ್ತದೆ. ಯೂನಿಟ್ ಕೊಂಡರೆ ಇದು ಹೋಗುತ್ತದೆಯೇ? ಮತ್ತೆ, ಲೈಟರ್ ಸಾಕೆಟ್ ಒಂದೇ ಇದೆ, ಅದು ಡ್ಯಾಶ್‌ಕ್ಯಾಮ್‌ಗೆ ಹೋಗಿದೆ. ಫ್ಯೂಸ್ ಬಾಕ್ಸಿನಿಂದ ವೈರ್ ಎಳೆಯಬಹುದೇ?

ನಕಾಶೆಪ್ರಿಯ:

ಪೂರ್ತಿ ಹೋಗುವುದಿಲ್ಲ, ಕಾರಣ ಹೀಗೆ. ತೆರೆದ ಆಕಾಶದಲ್ಲೇ ಜಾಗದ ಲೆಕ್ಕ ಸುಮಾರು 5 ಮೀಟರ್ ಆಚೀಚೆ ಇರುತ್ತದೆ. ಎತ್ತರದ ಲೆಕ್ಕ ಅದಕ್ಕಿಂತ ಸಡಿಲ, ಹಾಗಾಗಿ ಮೇಲಿದ್ದೀರೋ ಕೆಳಗಿದ್ದೀರೋ ಅಂತ ಎತ್ತರದಿಂದ ತೀರ್ಮಾನಿಸುವುದು ಕಷ್ಟ. ರ‍್ಯಾಂಪ್ ಕವಲೊಡೆಯುವ ಜಾಗದಲ್ಲಿ ಎರಡು ರಸ್ತೆಗಳ ನಡುವೆ ಕೋನ ತೀರಾ ಕಿರಿದು. ಅಲ್ಲಿ ಒಮ್ಮೆ ತಪ್ಪು ಕವಲು ಹಿಡಿದರೆ, ಎರಡೂ ಒಟ್ಟೊಟ್ಟಿಗೆ ಸಾಗುವುದರಿಂದ ಅದನ್ನೇ ಹಿಡಿದುಕೊಂಡು ಹೋಗುತ್ತದೆ.

ಇದಕ್ಕೆ ಸುಲಭದ ಮದ್ದು: ದಾರಿ ಗೊತ್ತಿದ್ದರೂ ಗಮ್ಯಸ್ಥಾನ ಹಾಕಿಯೇ ಹೊರಡಿ. ಮಾರ್ಗ ನಿಗದಿಯಾಗಿದ್ದರೆ ಅನುಮಾನ ಬಂದಲ್ಲಿ ಯೂನಿಟ್ ಮಾರ್ಗದ ಮೇಲಿರುವ ರಸ್ತೆಗೇ ಒಲಿಯುತ್ತದೆ. ‘ಎಡಕ್ಕೆ ತಿರುಗಿ, ಬಲಕ್ಕೆ ತಿರುಗಿ’ ಬೇಡವಾದರೆ ಧ್ವನಿ ಮಾರ್ಗದರ್ಶನ ಮಾತ್ರ ಆಫ್ ಮಾಡಿ. ಒಟ್ಟು ವಾಲ್ಯೂಮ್ ಸೊನ್ನೆ ಮಾಡಿದರೆ ಎಚ್ಚರಿಕೆಯ ಬೀಪ್ ಕೂಡ ಹೋಗುತ್ತದೆ. ಇವೆರಡನ್ನು ಬೇರೆಬೇರೆಯಾಗಿ ಹೊಂದಿಸಲು ಬರುತ್ತದೆಯೇ ಅಂತ ಅಂಗಡಿಯಲ್ಲೇ ಒತ್ತಿ ನೋಡಿ, ನಿಮ್ಮ ಬಳಕೆಗೆ ಅದು ಬಹಳ ಮುಖ್ಯ. ಜಿಪಿಎಸ್ ಜೊತೆ ಯುರೋಪಿನ ಗೆಲಿಲಿಯೊ, ರಷ್ಯಾದ ಗ್ಲೊನಾಸ್ ಉಪಗ್ರಹಗಳನ್ನೂ ಹಿಡಿಯುವ ಯೂನಿಟ್ ಆದರೆ ಎತ್ತರದ ಕಟ್ಟಡಗಳ ನಡುವೆ ತಪ್ಪು ಕಡಿಮೆ.

ರಸ್ತೆ ಕಾಮಗಾರಿಗೆ ಹಾಕಿದ ತಾತ್ಕಾಲಿಕ ಮಿತಿ, ಮೇಲುಗಂಬದ ಮೇಲೆ ವಿದ್ಯುತ್ ಅಕ್ಷರದಲ್ಲಿ ಬದಲಾಗುವ ಮಿತಿ ಯಾವ ನಕ್ಷೆಯಲ್ಲೂ ನಂಬುವ ಹಾಗೆ ಇರುವುದಿಲ್ಲ. ಟ್ರೇಲರ್ ಎಳೆಯುವುದಿದ್ದರೂ ಅಷ್ಟೇ, ಸಾಮಾನ್ಯ ಕಾರ್ ಯೂನಿಟ್ ತೋರಿಸುವುದು ಬರೀ ಕಾರಿನ ಮಿತಿ. ಕ್ಯಾಮೆರಾ ಇರುವ ಜಾಗ ಹೇಳುವ ಸೌಲಭ್ಯವೂ ಹಲವು ಯೂನಿಟ್‌ಗಳಲ್ಲಿ ಜೊತೆಗೇ ಬರುತ್ತದೆ. ಜರ್ಮನಿ, ಸ್ವಿಟ್ಜರ್ಲೆಂಡ್‌ನಂಥ ದೇಶಗಳಲ್ಲಿ ಓಡಿಸುವಾಗ ಅದನ್ನು ಬಳಸುವುದು ಕಾನೂನಿಗೆ ವಿರುದ್ಧ. ಮಿತಿಯ ಎಚ್ಚರಿಕೆಗೆ ಆ ತೊಡಕಿಲ್ಲ.

ಫ್ಯೂಸ್‌ಕಟ್ಟೆ:

ವೈರಿಂಗ್ ಬಗ್ಗೆ ನಾನು ಹೇಳುತ್ತೇನೆ. ಎಳೆಯಬಹುದು, ಆದರೆ 12 ವೋಲ್ಟನ್ನು ನೇರವಾಗಿ ಯೂನಿಟ್‌ಗೆ ಕೊಟ್ಟರೆ ಅದು ಸುಟ್ಟುಹೋಗುತ್ತದೆ. ಯೂನಿಟ್‌ಗೆ ಬೇಕಿರುವುದು 5 ವೋಲ್ಟ್. ಲೈಟರ್ ವೈರಿನ ದಪ್ಪ ತಲೆಯೊಳಗೆ 12ನ್ನು 5 ಮಾಡುವ ಕನ್ವರ್ಟರ್ ಕೂತಿರುತ್ತದೆ, ತಲೆ ಕತ್ತರಿಸಿ ವೈರ್ ಜೋಡಿಸುವವರು ಕೆಡಿಸಿಕೊಳ್ಳುವುದು ಇಲ್ಲಿಯೇ. 5 ವೋಲ್ಟ್, 2 ಆಂಪ್ ಔಟ್‌ಪುಟ್ ಇರುವ ಹಾರ್ಡ್‌ವೈರ್ ಕಿಟ್ (ಫ್ಯೂಸ್ ಬಾಕ್ಸಿಗೆ ಜೋಡಿಸುವ, ಕನ್ವರ್ಟರ್ ಇರುವ ವೈರ್) ತನ್ನಿ.

ಬೇಕಾಗುವುದು: ಆ ಕಿಟ್, ನಿಮ್ಮ ಫ್ಯೂಸ್ ಗಾತ್ರದ ಫ್ಯೂಸ್ ಟ್ಯಾಪ್ (ಹಳೆಯ ಫ್ಯೂಸಿನ ಜಾಗದಲ್ಲಿ ಕೂತು, ಅದರ ಜೊತೆ ಇನ್ನೊಂದು ಫ್ಯೂಸ್ ಮತ್ತು ವೈರಿಗೆ ಜಾಗ ಕೊಡುವ ಅಡಾಪ್ಟರ್) ಒಂದು, 2 ಅಥವಾ 3 ಆಂಪ್ ಫ್ಯೂಸ್, ರಿಂಗ್ ಟರ್ಮಿನಲ್, ಮಲ್ಟಿಮೀಟರ್. ಮೀಟರನ್ನು ಡಿ.ಸಿ. 20 ವೋಲ್ಟ್‌ಗೆ ಇಟ್ಟು, ಕಪ್ಪು ಕಡ್ಡಿಯನ್ನು ಬಾಡಿಯ ಬೋಲ್ಟಿಗೆ ತಾಗಿಸಿ, ಕೀ ಆಫ್ ಇದ್ದಾಗ 0, ಆನ್ ಮಾಡಿದಾಗ 12ರ ಆಸುಪಾಸು ತೋರಿಸುವ ಫ್ಯೂಸ್ ಹುಡುಕಿ. ಲೈಟರ್ ಸಾಕೆಟ್‌ನದು ಸಾಮಾನ್ಯವಾಗಿ ಸರಿಹೋಗುತ್ತದೆ. ಏರ್‌ಬ್ಯಾಗ್, ಎಬಿಎಸ್, ಸ್ಟೀರಿಂಗ್ ಫ್ಯೂಸ್‌ಗಳನ್ನು ಮುಟ್ಟಲೇಬೇಡಿ. ಫ್ಯೂಸ್ ಕಿತ್ತು, ಎರಡು ಸೀಳುಗಳಲ್ಲಿ ಯಾವುದಕ್ಕೆ ಕರೆಂಟ್ ಬರುತ್ತದೆ ಅಂತ ನೋಡಿ. ಟ್ಯಾಪಿನ ವೈರ್ ಇಲ್ಲದ ಕಾಲು ಆ ಕಡೆ ಕೂರಬೇಕು. ತಿರುಗಿಸಿ ಹಾಕಿದರೂ ಯೂನಿಟ್ ನಡೆಯುತ್ತದೆ, ಆದರೆ ಅದರ ಕರೆಂಟ್ ಹಳೆಯ ಫ್ಯೂಸಿನ ಮೂಲಕವೂ ಹಾದುಬರುತ್ತದೆ, ಆ ಫ್ಯೂಸ್‌ಗೆ ಹೊರೆ ಹೆಚ್ಚು. ಅರ್ತಿಂಗ್ ವೈರ್ ಬಣ್ಣ ಬಳಿದ ಬೋಲ್ಟಿಗೆ ಬೇಡ, ಬರಿ ಲೋಹಕ್ಕೆ ಕೂರಬೇಕು.

ವೈರನ್ನು ಮುಂಗಾಜಿನ ಪಕ್ಕದ ಕಂಬದ ಒಳಗೆ ಹಾಯಿಸುವಾಗ ಅಲ್ಲಿ ಕರ್ಟನ್ ಏರ್‌ಬ್ಯಾಗ್ (ಪಕ್ಕದ ಕಿಟಕಿಗೆ ಪರದೆಯಂತೆ ಬಿಚ್ಚಿಕೊಳ್ಳುವ ಏರ್‌ಬ್ಯಾಗ್) ಇದ್ದರೆ ವೈರ್ ಅದರ ಹಿಂದಿನಿಂದ ಹೋಗಬೇಕು, ಮುಂದೆ ಅಡ್ಡ ಬರಬಾರದು. ಕೈ ಪಳಗಿಲ್ಲದಿದ್ದರೆ ಇಷ್ಟು ಭಾಗ ಎಲೆಕ್ಟ್ರಿಷಿಯನ್‌ಗೆ ಬಿಡಿ.

ಮಿನಿ ಯುಎಸ್‌ಬಿ ಇರುವ ಹಳೆಯ ಗಾರ್ಮಿನ್‌ಗೆ ಮಾಮೂಲಿ ಡೇಟಾ ಕೇಬಲ್ ಹಾಕಿದರೆ ಕಂಪ್ಯೂಟರಿಗೆ ಸೇರಿಸಿದ್ದಾರೆ ಅಂದುಕೊಂಡು ನಕ್ಷೆ ಬಿಟ್ಟು ಕಂಪ್ಯೂಟರಿನ ಚಿತ್ರ ತೋರಿಸುತ್ತದೆ. ಯೂನಿಟ್ ಕೆಟ್ಟಿಲ್ಲ, ಅದಕ್ಕೆ ಕಾರಿನ ಪವರ್ ಕೇಬಲ್ ಬೇಕು ಅಷ್ಟೇ.

ಡ್ಯಾಶ್‌ಕ್ಯಾಮ್ ಪಕ್ಕದಲ್ಲೇ ಅಂಟಿಸಬೇಡಿ. ಕಳಪೆ ಡ್ಯಾಶ್‌ಕ್ಯಾಮ್‌ಗಳೂ ಚಾರ್ಜರ್‌ಗಳೂ ಹೊರಸೂಸುವ ರೇಡಿಯೊ ಗದ್ದಲ ಜಿಪಿಎಸ್ ಸಿಗ್ನಲನ್ನು ನುಂಗುತ್ತದೆ. ಆಂಡ್ರಾಯ್ಡ್ ಫೋನಿಗೆ ಜಿಪಿಎಸ್‌ಟೆಸ್ಟ್ ಆ್ಯಪ್ ಹಾಕಿ, ಯೂನಿಟ್ ಕೂರಿಸುವ ಜಾಗದಲ್ಲಿ ಹಿಡಿದು ಉಪಗ್ರಹಗಳ ಬಲ ನೋಡಿ. 40 ಡಿಬಿ-ಹರ್ಟ್ಸ್ ಆಸುಪಾಸು ಇದ್ದರೆ ಚೆನ್ನ, 30ಕ್ಕಿಂತ ಕೆಳಗಿದ್ದರೆ ದುರ್ಬಲ. ಡ್ಯಾಶ್‌ಕ್ಯಾಮ್ ವೈರ್ ಕಿತ್ತಾಗ ಅಂಕಿಗಳು ಜಿಗಿದರೆ ಕಳ್ಳ ಅದೇ. ಕಿತ್ತರೂ ಬದಲಾಗದೆ, ಕಾರಿನ ಹೊರಗೆ ಹಿಡಿದಾಗ ಮಾತ್ರ 10ಕ್ಕೂ ಹೆಚ್ಚು ಏರಿದರೆ, ಗಾಜಿಗೆ ಶಾಖ ತಡೆಯುವ ಲೋಹದ ಲೇಪನ ಇರಬಹುದು. ಅಂಥ ಗಾಜಿನಲ್ಲಿ ಒಳಕನ್ನಡಿಯ ಹಿಂದೆ ಲೇಪನ ಬಿಟ್ಟ ಸಣ್ಣ ಜಾಗ ಇರುತ್ತದೆ, ಹೊರಗಿನ ಆಂಟೆನಾ ಸೇರಿಸಲು ಬರುವ ಯೂನಿಟ್ ಆದರೆ ಆಂಟೆನಾ ಅಲ್ಲಿಗೆ ಅಂಟಿಸಿ.

ಹೆದ್ದಾರಿಗ:

ಅರ್ಥವಾಯಿತು. ಕೊನೆಯದಾಗಿ, ನಕ್ಷೆ ಅಪ್‌ಡೇಟ್ ಎಷ್ಟು ದಿನಕ್ಕೊಮ್ಮೆ? ‘ಲೈಫ್‌ಟೈಮ್ ಮ್ಯಾಪ್’ ಅಂದರೆ ಯಾರ ಲೈಫ್?

ಗೇರ್‌ಬಾಕ್ಸ್:

ಯೂನಿಟ್‌ನದು. ಆ ಮಾಡೆಲ್‌ಗೆ ಕಂಪನಿ ನಕ್ಷೆ ಕೊಡುವುದು ನಿಲ್ಲಿಸಿದ ದಿನಕ್ಕೆ ಅದು ಮುಗಿಯಿತು. ಆದ್ದರಿಂದ ಗೋದಾಮಿನಲ್ಲಿ ಉಳಿದ ಹಳೆಯ ಮಾಡೆಲ್ ಅಗ್ಗವಾಗಿ ಸಿಕ್ಕರೂ ಬೇಡ.

ಹೊಸ ನಕ್ಷೆ ಬಂದಿದೆಯೇ ಅಂತ ಮೂರು ತಿಂಗಳಿಗೊಮ್ಮೆ ನೋಡಿದರೆ ಸಾಕು. ವೈಫೈ ಇರುವ ಮಾಡೆಲ್ ಆದರೆ ರಾತ್ರಿ ಚಾರ್ಜಿಗೆ ಹಾಕಿ ಬಿಟ್ಟುಬಿಡಿ. ಕಂಪ್ಯೂಟರ್ ಮೂಲಕವಾದರೆ ಗಾರ್ಮಿನ್ ಎಕ್ಸ್‌ಪ್ರೆಸ್, ಟಾಮ್‌ಟಾಮ್‌ಗೆ ಮೈಡ್ರೈವ್ ಕನೆಕ್ಟ್. ಯುಎಸ್‌ಬಿ ಹಬ್ ಬೇಡ, ಕಂಪ್ಯೂಟರಿನದೇ ಪೋರ್ಟಿಗೆ ಹಾಕಿ, ಕಂಪ್ಯೂಟರ್ ನಿದ್ದೆಗೆ ಜಾರದಂತೆ ಸೆಟ್ಟಿಂಗ್ ಬದಲಿಸಿ. ಅರ್ಧಕ್ಕೆ ಕೇಬಲ್ ಕಿತ್ತರೆ ಯೂನಿಟ್ ನಕ್ಷೆಯೇ ಇಲ್ಲದೆ ಏಳಬಹುದು. ಹಾಗಾದರೆ ಮತ್ತೆ ಜೋಡಿಸಿ ಅದೇ ಪ್ರೋಗ್ರಾಂನಿಂದ ನಕ್ಷೆ ಮರುಸ್ಥಾಪಿಸಿ.

ಜಾಗ ಸಾಲದು ಅಂತ ಬಂದರೆ ಇಡೀ ಖಂಡದ ನಕ್ಷೆ ಬಿಟ್ಟು ನಿಮ್ಮ ಪ್ರದೇಶದ್ದು ಮಾತ್ರ ಆರಿಸಿ, ಇಲ್ಲವೇ ಮೈಕ್ರೊಎಸ್‌ಡಿ ಕಾರ್ಡ್ ಹಾಕಿ. ಹಳೆಯ ಮಾಡೆಲ್‌ಗಳು 32 ಜಿಬಿಗಿಂತ ದೊಡ್ಡ ಕಾರ್ಡ್ ಓದದಿರಬಹುದು, ಕೈಪಿಡಿಯಲ್ಲಿ ಹೇಳಿದ ಗಾತ್ರದ್ದನ್ನೇ ತನ್ನಿ. ಅಪ್‌ಡೇಟ್ ಮುಗಿದ ಮೇಲೆ ಎಚ್ಚರಿಕೆಯ ಸೆಟ್ಟಿಂಗ್ ಒಮ್ಮೆ ತೆರೆದು ನೋಡಿ; ಫರ್ಮ್‌ವೇರ್ ಬದಲಾದಾಗ ಬೀಪ್ ಆಫ್ ಆಗಿರುವುದೂ ಉಂಟು.